ತಾತನ ಕಾರು ಪಿ.ಯು.ಸಿ.ಯಲ್ಲಿ ನಪಾಸು

"ನಮ್ಮ ತಾತನ ಕಾರು ಪಿ.ಯು.ಸಿ.ಯಲ್ಲಿ ನಪಾಸಾಯಿತಂತೆ!"

ಸಂಜೆಯ ಕಾಫಿಯ ವೇಳೆಗೆ ಮೊಮ್ಮಗಳು ಈ ವಾರ್ತೆಯನ್ನು ಬೀದಿಗೆಲ್ಲ ಕೇಳಿಸುವಂತೆ ಸಾರಿದರೆ ಮನೆಯಲ್ಲಿ ನಗೆ ಏಳುವುದು ಸಹಜವೇ. ಕನ್ನಡನಾಡಿನ ಮನೆಗಳಲ್ಲಿ ಪಿ.ಯು.ಸಿ. ಎಂಬ ಮೂರು ಅಕ್ಷರಗಳಿಗಿರುವ ಅರ್ಥವೇ ಬೇರೆ. ಮಗನೋ ಮಗಳೋ ಆ ಮೆಟ್ಟಿಲಿನಲ್ಲಿರುವ ವರ್ಷ ಮನೆಯವರಿಗೆಲ್ಲ ನಿದ್ರೆಯಿಲ್ಲ. ಆದರೆ ವಾಹನಗಳ ಲೋಕದಲ್ಲಿಯೂ ಅದೇ ಮೂರು ಅಕ್ಷರಗಳ ಪರೀಕ್ಷೆಯೊಂದುಂಟು. ಅಲ್ಲಿ ಅದು 'ಈ ವಾಹನದ ಹೊಗೆ ಹತೋಟಿಯಲ್ಲಿದೆ' ಎಂದು ಸಾರುವ ಪ್ರಮಾಣಪತ್ರ. ಹಳೆಯ ಕಾರುಗಳು ಆರು ತಿಂಗಳಿಗೊಮ್ಮೆ ಈ ಪರೀಕ್ಷೆಗೆ ಕುಳಿತು ಉತ್ತೀರ್ಣವಾಗಬೇಕು. ನಪಾಸಾದರೆ ಮಕ್ಕಳ ಪರೀಕ್ಷೆಯಲ್ಲಿ ಆಗುವಂತೆಯೇ ಇಲ್ಲಿಯೂ ಕೋಪ, ಅವಮಾನ, ಪರಿಚಿತರ ಸಲಹೆ, ಅಡ್ಡದಾರಿಯ ಆಕರ್ಷಣೆ ಎಲ್ಲವೂ ಒಂದರ ಹಿಂದೊಂದು ಮನೆಗೆ ಬರುತ್ತವೆ.

ಬೆಂಗಳೂರಿನ ಯಾವುದಾದರೂ ಹಳೆಯ ಬಡಾವಣೆಯಲ್ಲಿ ಇಂಥ ಮನೆಯೊಂದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಮನೆಯ ಯಜಮಾನರು ನಿವೃತ್ತ ಉಪಾಧ್ಯಾಯರು. ಅವರನ್ನು ರಾಯರು ಎಂದೇ ಕರೆಯಬಹುದು. ಪೋರ್ಟಿಕೋದಲ್ಲಿ 1996ರಲ್ಲಿ ಸಾಲ ಮಾಡಿ ಕೊಂಡ ಮಾರುತಿ 800 ನಿಂತಿದೆ. 1983ರ ಡಿಸೆಂಬರಿನಿಂದ 2014ರ ಜನವರಿಯವರೆಗೆ ತಯಾರಾಗಿ, ನಾಡಿನ ಅಸಂಖ್ಯ ಮಧ್ಯಮವರ್ಗದ ಕುಟುಂಬಗಳಿಗೆ ಮೊದಲ ಕಾರೆನಿಸಿದ ಮೂರು ಸಿಲಿಂಡರಿನ ಪುಟ್ಟ ಬಂಡಿ ಅದು. ಮಗಳ ಮದುವೆಯ ಓಡಾಟ, ಹೆಂಡತಿಯ ಶಸ್ತ್ರಚಿಕಿತ್ಸೆಯ ರಾತ್ರಿ, ಮೊಮ್ಮಗಳು ಹುಟ್ಟಿದ ಬೆಳಗು, ಎಲ್ಲಕ್ಕೂ ಅದು ಸಾಕ್ಷಿ. ಈಗ ವಾರಕ್ಕೆ ಎರಡು ಸಲ ತರಕಾರಿ ಅಂಗಡಿಗೆ, ಶನಿವಾರ ದೇವಸ್ಥಾನಕ್ಕೆ. ಇಷ್ಟೇ ಅದರ ಸಂಚಾರ.

ಪೆಟ್ರೋಲ್ ಬಂಕಿನ ಮೂಲೆಯ ಪುಟ್ಟ ತಪಾಸಣಾ ಕೇಂದ್ರದವನು ಕೊಟ್ಟ ಚೀಟಿಯಲ್ಲಿ ಎರಡು ಅಂಕಿಗಳಿದ್ದವು. ಕಾರ್ಬನ್ ಮಾನಾಕ್ಸೈಡ್ ನೂರಕ್ಕೆ 5.6. ಹೈಡ್ರೋಕಾರ್ಬನ್ ಹತ್ತು ಲಕ್ಷಕ್ಕೆ 2,300. ಕೆಳಗೆ ಒಂದೇ ಮಾತು: ಅನುತ್ತೀರ್ಣ.

"ಮನೆಗೆ ವಾಪಸು ತಗೊಂಡುಹೋಗೋದು ಯಾಕೆ ಸಾರ್? ಸ್ವಲ್ಪ ಜಾಸ್ತಿ ಕೊಡಿ. ಗಾಡಿ ತರೋದೂ ಬೇಡ, ಬೇರೆ ಕಡೆಯಿಂದ ಸರ್ಟಿಫಿಕೇಟು ಮಾಡಿಸ್ಕೊಡ್ತೀನಿ" ಎಂದು ಪಕ್ಕದಲ್ಲಿ ನಿಂತಿದ್ದವನೊಬ್ಬ ಪಿಸುಗುಟ್ಟಿದ.

ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ಅದು. ಬರೆಯದ ಉತ್ತರಕ್ಕೆ ಅಂಕ ಕೊಟ್ಟು ಅಭ್ಯಾಸವಿಲ್ಲ. ರಾಯರು ಉತ್ತರಿಸದೆ ಕಾರನ್ನು ಮನೆಗೆ ತಿರುಗಿಸಿದರು. ರಾತ್ರಿ ಪುಣೆಯಿಂದ ಮಗನ ಫೋನು: "ಅಪ್ಪಾ, ಅದನ್ನ ಗುಜರಿಗೆ ಹಾಕಿಬಿಡಿ. ಇನ್ನು ಅದರ ಮೇಲೆ ದುಡ್ಡು ಸುರೀಬೇಡಿ." ಪಕ್ಕದ ಮನೆಯವರ ಸಲಹೆ ಮತ್ತೊಂದು: ಎಂಜಿನ್ ಪೂರ್ತಿ ಬಿಚ್ಚಿಸಬೇಕು, ನಲವತ್ತು ಐವತ್ತು ಸಾವಿರಕ್ಕೆ ಕಡಮೆಯಿಲ್ಲ. ಪಿಂಚಣಿಯ ಲೆಕ್ಕದಲ್ಲಿ ಅಷ್ಟು ಹಣ ಎಲ್ಲಿಯದು?

ಸುಳ್ಳು ಪ್ರಮಾಣಪತ್ರ, ಗುಜರಿ, ಎಂಜಿನ್ ಬಿಚ್ಚುವಿಕೆ: ಈ ಮೂರು ದಾರಿಗಳಲ್ಲಿಯೂ ಒಂದು ದೋಷ ಸಮಾನವಾಗಿದೆ. ಮೂವರು ಸಲಹೆಗಾರರಲ್ಲಿ ಒಬ್ಬರಾದರೂ ಆ ಚೀಟಿಯನ್ನು ಓದಲಿಲ್ಲ. ಮಗು ನಪಾಸಾದಾಗ ಬಲ್ಲ ಉಪಾಧ್ಯಾಯರು ಮೊದಲು ಕೇಳುವುದು 'ಯಾವ ವಿಷಯದಲ್ಲಿ?' ಎಂದಲ್ಲವೇ? ಕಾರಿನ ವಿಚಾರದಲ್ಲಿಯೂ ಅದೇ ಪ್ರಶ್ನೆ ಮೊದಲು ಬರಬೇಕು.

ಅಂಕಪಟ್ಟಿಯ ಎರಡು ವಿಷಯಗಳು

ಎಂಜಿನ್ ಎಂದರೆ ಒಂದು ಒಲೆ. ಅದಕ್ಕೆ ಬೇಕಾದುದು ಮೂರು: ಪೆಟ್ರೋಲು, ಗಾಳಿ ಮತ್ತು ಸಕಾಲದಲ್ಲಿ ಒಂದು ಕಿಡಿ. ಒಂದು ತೂಕ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಅವಶ್ಯಕ. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ! ಇಷ್ಟೂ ಒದಗಿ ಕಿಡಿಯೂ ಸರಿಯಾಗಿ ಬಿದ್ದರೆ ಕೊಳವೆಯಿಂದ ಹೊರಬರುವುದು ಬಹುಪಾಲು ನೀರಾವಿ, ಕಾರ್ಬನ್ ಡೈಆಕ್ಸೈಡು ಮತ್ತು ಗಾಳಿಯ ಜೊತೆ ಬಂದ ನೈಟ್ರೋಜನ್.

ಗಾಳಿ ಸಾಲದೆ ಹೋದಾಗ ಪೆಟ್ರೋಲು ಅರ್ಧ ಬೇಯುತ್ತದೆ. ಆ ಅರೆಬೆಂದ ಪದಾರ್ಥವೇ ಕಾರ್ಬನ್ ಮಾನಾಕ್ಸೈಡು. ಊದುಕೊಳವೆಯಿಲ್ಲದ ಸೌದೆ ಒಲೆ ಹೊಗೆಯಾಡುವುದನ್ನು ನೋಡಿರುವ ಅಜ್ಜಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಮೊದಲನೆಯ ಅಂಕಿ ಮಿತಿಮೀರಿದರೆ ತಿಳಿಯಬೇಕಾದುದಿಷ್ಟು: ಎಂಜಿನಿಗೆ ಪೆಟ್ರೋಲು ಹೆಚ್ಚಾಗಿದೆ, ಇಲ್ಲವೆ ಗಾಳಿ ಕಡಮೆಯಾಗಿದೆ.

ಎರಡನೆಯ ಅಂಕಿಯ ಕಥೆ ಬೇರೆ. ಹೈಡ್ರೋಕಾರ್ಬನ್ ಎಂದರೆ ಬೇಯದೆ ಹಸಿಯಾಗಿಯೇ ಹೊರಬಿದ್ದ ಪೆಟ್ರೋಲಿನ ಆವಿ. ಒಲೆಯಲ್ಲಿ ಸೌದೆಯಿದೆ, ಗಾಳಿಯಿದೆ, ಆದರೆ ಬೆಂಕಿ ಹತ್ತಲಿಲ್ಲ ಎಂದು ಅದರ ಅರ್ಥ. ಮೂರು ಸಿಲಿಂಡರುಗಳ ಪೈಕಿ ಒಂದರಲ್ಲಿ ಕಿಡಿ ಆಗಾಗ ತಪ್ಪಿದರೂ ಸಾಕು, ಈ ಅಂಕಿ ಏಣಿ ಹತ್ತುತ್ತದೆ. ಮಾಲೀಕನು ಹಣ ತೆತ್ತು ತುಂಬಿಸಿದ ಪೆಟ್ರೋಲು ಕಾರನ್ನು ಒಂದು ಅಂಗುಲವೂ ಎಳೆಯದೆ ಬೀದಿಯ ಪಾಲಾಗುತ್ತದೆ.

ಹೊಗೆಯ ಕೊಳವೆಯೊಳಕ್ಕೆ ಸುಮಾರು ಒಂದು ಅಡಿ ಆಳಕ್ಕೆ ಇಳಿಸುವ ನಳಿಗೆಯು ಈ ಅನಿಲಗಳನ್ನು ಹೀರಿ ಯಂತ್ರಕ್ಕೆ ಒಯ್ಯುತ್ತದೆ. ಅಲ್ಲಿ ಅವುಗಳ ಮೂಲಕ ಕಣ್ಣಿಗೆ ಕಾಣದ ಅವರೋಹಿತ ಕಿರಣವನ್ನು ಹಾಯಿಸುತ್ತಾರೆ. ಪ್ರತಿಯೊಂದು ಅನಿಲವೂ ತನಗೆ ಸಲ್ಲುವ ಕಿರಣವನ್ನಷ್ಟೇ ನುಂಗುವುದರಿಂದ, ಎಷ್ಟು ಕಿರಣ ಕಾಣೆಯಾಯಿತೆಂಬುದರ ಮೇಲೆ ಅನಿಲದ ಪ್ರಮಾಣ ಗೊತ್ತಾಗುತ್ತದೆ.

ಉತ್ತೀರ್ಣವಾಗಲು ಬೇಕಾದ ಅಂಕ ಎಲ್ಲ ಕಾರುಗಳಿಗೂ ಒಂದೇ ಅಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ, ಭಾರತ್ ಸ್ಟೇಜ್ ಎರಡಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಕಾರ್ಬನ್ ಮಾನಾಕ್ಸೈಡು ನೂರಕ್ಕೆ 3ನ್ನೂ, ಹೈಡ್ರೋಕಾರ್ಬನ್ ಹತ್ತು ಲಕ್ಷಕ್ಕೆ 1,500ನ್ನೂ ಮೀರಕೂಡದು. ಸ್ಟೇಜ್ ಎರಡು ಮತ್ತು ಮೂರರ ಕಾರುಗಳಿಗೆ ಮಿತಿ 0.5 ಮತ್ತು 750. ಸ್ಟೇಜ್ ನಾಲ್ಕರ ಕಾರುಗಳಿಗೆ 0.3 ಮತ್ತು 200. ರಾಯರ ಕಾರು ಮೊದಲನೆಯ ಗುಂಪಿಗೆ ಸೇರಿದ್ದು. ಅದಕ್ಕೆ ಕೇಳಿದ್ದು ಅತಿ ಸುಲಭವಾದ ಪ್ರಶ್ನೆಪತ್ರಿಕೆ. ಅದರಲ್ಲಿಯೂ ಎರಡು ವಿಷಯಗಳು ಹೋಗಿವೆ.

ಮನೆಯಲ್ಲಿಯೇ ಆಗುವ ಚಿಕಿತ್ಸೆ

ಇಂಥ ಸಮಯದಲ್ಲಿ ಪಾಲಿಸಬೇಕಾದ ಸೂತ್ರ ಒಂದೇ: ಕಾಸಿನ ಕೆಲಸದಿಂದ ಆರಂಭಿಸಿ ರೂಪಾಯಿಯ ಕೆಲಸಕ್ಕೆ ಹೋಗಬೇಕು. ಅಡಿಗೆಮನೆಯ ದೀಪ ಹತ್ತದಿದ್ದರೆ ಮೊದಲು ಬಲ್ಬು ನೋಡುತ್ತಾರೆಯೇ ಹೊರತು ಗೋಡೆ ಒಡೆಯುವುದಿಲ್ಲ.

ಮೊದಲನೆಯ ಪ್ರಶ್ನೆ: ಪರೀಕ್ಷೆಯ ಹೊತ್ತಿನಲ್ಲಿ ಎಂಜಿನ್ ಬಿಸಿಯಾಗಿತ್ತೇ? ರಾಯರ ಮನೆಗೂ ಬಂಕಿಗೂ ಅರ್ಧ ಮೈಲಿ. ಬೆಳಗಿನ ಚಳಿಯಲ್ಲಿ ಹೊರಟು ಐದು ನಿಮಿಷದಲ್ಲಿ ತಲಪಿದ್ದರು. ತಣ್ಣಗಿರುವ ಎಂಜಿನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ. ಆಗ ಎರಡು ಅಂಕಿಗಳೂ ಏರುವುದು ಖಂಡಿತ. ಪರೀಕ್ಷೆಗೆ ಮುನ್ನ ಇಪ್ಪತ್ತು ನಿಮಿಷವಾದರೂ ಊರಿನಲ್ಲಿ ಒಂದು ಸುತ್ತು ಓಡಿಸಿ, ಎಂಜಿನ್ ಆರಿಸದೆ ಕೇಂದ್ರಕ್ಕೆ ಒಯ್ಯುವುದು ಲೇಸು. ಇದಕ್ಕೆ ಮೆಕ್ಯಾನಿಕ್ಕಿನ ಅಗತ್ಯವೂ ಇಲ್ಲ.

ಎರಡನೆಯದು ಚೋಕ್. ಹಳೆಯ ಕಾರ್ಬುರೇಟರ್ ಕಾರುಗಳಲ್ಲಿ ಚಳಿಯ ಬೆಳಗಿನಲ್ಲಿ ಎಳೆಯುವ ಗುಬುಟು ಒಂದಿರುತ್ತದೆ. ಅದನ್ನೆಳೆದರೆ ಕಾರ್ಬುರೇಟರಿನ ಬಾಯಿಯಲ್ಲಿರುವ ತಗಡೊಂದು ಗಾಳಿಯ ದಾರಿಯನ್ನು ಮುಚ್ಚುತ್ತದೆ. ಪೆಟ್ರೋಲಿನ ಪಾಲು ಹೆಚ್ಚಾಗಿ ಎಂಜಿನ್ ಬೇಗ ಹತ್ತಿಕೊಳ್ಳುತ್ತದೆ. ಗುಬುಟನ್ನು ಒಳಕ್ಕೆ ತಳ್ಳಿದೊಡನೆ ತಗಡು ತೆರೆಯಬೇಕು. ಆದರೆ ವರ್ಷಗಳ ಧೂಳು, ತುಕ್ಕುಗಳಿಂದ ಒಳಗಿನ ತಂತಿ ಬಿಗಿದಿದ್ದರೆ ಗುಬುಟು ಒಳಗೆ ಹೋದರೂ ತಗಡು ಅರ್ಧ ಮುಚ್ಚಿಯೇ ಇರುತ್ತದೆ. ರಾಯರು ಬಾನೆಟ್ ಎತ್ತಿ, ಏರ್ ಫಿಲ್ಟರಿನ ಮುಚ್ಚಳ ತೆಗೆದು, ಮೊಮ್ಮಗಳನ್ನು ಚಾಲಕನ ಪೀಠದಲ್ಲಿ ಕೂರಿಸಿ, "ಈಗ ಎಳಿ ಪುಟ್ಟಿ... ಈಗ ಬಿಡು" ಎಂದಾಗ ಗುಟ್ಟು ಹೊರಬಿತ್ತು. ತಗಡು ಪೂರ್ತಿ ತೆರೆಯುತ್ತಿರಲಿಲ್ಲ. ನಾಲ್ಕು ತೊಟ್ಟು ಎಣ್ಣೆ, ಹತ್ತು ನಿಮಿಷದ ತಾಳ್ಮೆ, ಕೆಲಸ ಮುಗಿಯಿತು.

ಮೂರನೆಯದು ಅದೇ ಮುಚ್ಚಳದ ಕೆಳಗಿದ್ದ ಏರ್ ಫಿಲ್ಟರ್. ಎಂಜಿನ್ನಿನ ಮೂಗು ಅದು. ರಸ್ತೆ ಅಗೆತದ ಧೂಳು ತುಂಬಿ, ಒಂದು ಕಾಲಕ್ಕೆ ಬಿಳುಪಾಗಿದ್ದ ಕಾಗದ ಈಗ ಕಂದುಬಣ್ಣದ ರೊಟ್ಟಿನಂತಾಗಿತ್ತು. ನೆಗಡಿಯಿಂದ ಮೂಗು ಕಟ್ಟಿದವನು ಓಡಬಲ್ಲನೇ? ಕೆಲವು ನೂರು ರೂಪಾಯಿಗಳಲ್ಲಿ ಹೊಸದೊಂದು ದೊರೆಯಿತು.

ನಾಲ್ಕನೆಯದನ್ನು ಬಹಳ ಮಂದಿ ಊಹಿಸುವುದಿಲ್ಲ. ಅದು ಎಂಜಿನ್ ಆಯಿಲ್. ಬರಿಯ ತರಕಾರಿ ಅಂಗಡಿಯವರೆಗೆ ಓಡುವ ಕಾರಿನ ಎಂಜಿನ್ ಎಂದೂ ಪೂರ್ತಿ ಬಿಸಿಯಾಗುವುದಿಲ್ಲ. ಹಸಿ ಪೆಟ್ರೋಲಿನ ಒಂದಂಶ ಪಿಸ್ಟನಿನ ಪಕ್ಕದಿಂದ ಕೆಳಗಿಳಿದು ಎಣ್ಣೆಯಲ್ಲಿ ಬೆರೆಯುತ್ತದೆ. ಮುಂದೆ ಎಂದಾದರೂ ಎಂಜಿನ್ ಕಾದಾಗ ಆ ಪೆಟ್ರೋಲು ಆವಿಯಾಗಿ ಉಸಿರುಕೊಳವೆಯ ಮೂಲಕ ಮತ್ತೆ ಎಂಜಿನಿಗೇ ಸೇರಿ, ಕಾರ್ಬುರೇಟರ್ ಕೊಟ್ಟುದಕ್ಕಿಂತ ಹೆಚ್ಚಿನ ಪೆಟ್ರೋಲು ಉರಿಯುತ್ತದೆ. ಆಯಿಲ್ ನೋಡುವ ಕಡ್ಡಿಯನ್ನು ಎಳೆದು ಮೂಸಿದಾಗ ಪೆಟ್ರೋಲಿನ ವಾಸನೆ ಬಂದರೆ ಆಯಿಲ್ ಬದಲಿಸುವ ಕಾಲ ಬಂತೆಂದೇ ತಿಳಿಯಬೇಕು. ಹೆಚ್ಚು ಓಡಿದ ಕಾರಿಗಿರುವಂತೆ ಓಡದೆ ನಿಂತ ಕಾರಿಗೂ ಕಾಯಿಲೆಗಳುಂಟು. ತಿಂಗಳಿಗೊಮ್ಮೆ ಮೈಸೂರು ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ಒಂದು ಗಂಟೆಯ ಓಟ ಇಂಥ ಕಾರಿಗೆ ಔಷಧ.

ಇಷ್ಟನ್ನು ಮಾಡಿಸಿ, ಕಾರನ್ನು ಚೆನ್ನಾಗಿ ಕಾಯಿಸಿ, ರಾಯರು ಮತ್ತೆ ಕೇಂದ್ರಕ್ಕೆ ಹೋದರು. ಕಾರ್ಬನ್ ಮಾನಾಕ್ಸೈಡು 5.6ರಿಂದ 3.4ಕ್ಕೆ ಇಳಿದಿತ್ತು. ಹೈಡ್ರೋಕಾರ್ಬನ್ ಮಾತ್ರ 2,050ರಲ್ಲಿಯೇ ಪಟ್ಟು ಹಿಡಿದು ಕೂತಿತ್ತು. ಮತ್ತೆ ನಪಾಸು.

"ಸಾಕು ಬಿಡಿ ಅಂದ್ರೆ, ಎಷ್ಟು ಸಲ ಅಂತ ಹೋಗ್ತೀರಿ?" ಎಂದರು ಮನೆಯಾಕೆ.

ಆದರೆ ಚೀಟಿ ಓದಲು ಕಲಿತವರಿಗೆ ಇದು ಸೋಲಲ್ಲ. ಒಂದು ವಿಷಯದಲ್ಲಿ ಮಗು ಬಹುಮಟ್ಟಿಗೆ ಮೇಲೆದ್ದಿದೆ. ಇನ್ನೊಂದು ವಿಷಯ ಹಾಗೆಯೇ ನಿಂತಿದೆ. ಗಾಳಿ ಸರಿಹೋಯಿತು, ಇನ್ನು ನೋಡಬೇಕಾದುದು ಬೆಂಕಿಯನ್ನು.

ಕಿಡಿಯನ್ನು ಹುಡುಕುವುದು

ಇಲ್ಲಿಂದ ಮುಂದೆ ಬಲ್ಲವನೊಬ್ಬನ ಕೈ ಬೇಕು. ಕಾರ್ಬುರೇಟರ್ ಬಲ್ಲ ಮೆಕ್ಯಾನಿಕ್ಕುಗಳು ಈಗ ವಿರಳ. ಆದರೂ ಹಳೆಯ ಬಡಾವಣೆಗಳ ಮರದ ನೆರಳಿನ ಗ್ಯಾರೇಜುಗಳಲ್ಲಿ ಕೂದಲು ನರೆತ ಒಬ್ಬಿಬ್ಬರು ಸಿಗುತ್ತಾರೆ. ಅಂಥವನೊಬ್ಬ ರಾಯರ ಕಾರಿನ ಪಕ್ಕದಲ್ಲಿ ನಿಂತು, ಕಣ್ಣು ಮುಚ್ಚಿ, ಎಂಜಿನ್ನಿನ ಸದ್ದನ್ನು ಅರೆನಿಮಿಷ ಕೇಳಿದ. "ಮೂರು ಕಾಲಿನ ಕುದುರೆ ಸ್ವಾಮಿ. ಒಂದು ಕಾಲು ಕುಂಟ್ತಾ ಇದೆ" ಎಂದ.

ಕುಂಟುವ ಕಾಲನ್ನು ಕಂಡುಹಿಡಿಯುವ ವಿಧಾನ ಸರಳ. ಎಂಜಿನ್ ತಿರುಗುತ್ತಿರುವಾಗ ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕ್ಷಣಕಾಲ ಬಿಡಿಸುತ್ತಾರೆ. ಕೆಲಸ ಮಾಡುತ್ತಿದ್ದ ಸಿಲಿಂಡರಿನ ತಂತಿ ಬಿಡಿಸಿದರೆ ಎಂಜಿನ್ ಮುಗ್ಗರಿಸುತ್ತದೆ. ಬಿಡಿಸಿದರೂ ಸದ್ದಿನಲ್ಲಿ ವ್ಯತ್ಯಾಸವಾಗದಿದ್ದರೆ ಆ ಸಿಲಿಂಡರು ಮೊದಲೇ ಸುಮ್ಮನಿತ್ತೆಂದು ಅರ್ಥ. ಈ ತಂತಿಗಳಲ್ಲಿ ಹರಿಯುವುದು ಸಾವಿರಾರು ವೋಲ್ಟಿನ ವಿದ್ಯುತ್ತು. ಗೃಹಸ್ಥರು ಇದನ್ನು ಬರಿಗೈಯಿಂದ ಪ್ರಯೋಗಿಸಹೋಗಬಾರದು.

ಹೊರತೆಗೆದ ಪ್ಲಗ್ಗು ವೈದ್ಯನ ಮುಂದೆ ಚಾಚಿದ ನಾಲಗೆಯಿದ್ದಂತೆ. ಅದರ ತುದಿ ತಿಳಿಕಂದು ಬಣ್ಣವಿದ್ದರೆ ಆರೋಗ್ಯ. ಒಣ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ಅತಿಯಾಗಿದೆ. ಎಣ್ಣೆಯಿಂದ ಜಿಡ್ಡಾಗಿದ್ದರೆ ಎಂಜಿನ್ ಆಯಿಲನ್ನು ಕುಡಿಯುತ್ತಿದೆ. ರಾಯರ ಕಾರಿನ ಎರಡು ಪ್ಲಗ್ಗುಗಳು ಕಂದಿದ್ದರೂ ದುಡಿಯುತ್ತಿದ್ದವು. ಮೂರನೆಯದು ಒದ್ದೆಯಾಗಿ, ಪೆಟ್ರೋಲಿನ ವಾಸನೆ ಬೀರುತ್ತಿತ್ತು. ಕಿಡಿಯೇ ಬೀಳದ ಜಾಗವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ತಪ್ಪು ಪ್ಲಗ್ಗಿನದೋ ಅದಕ್ಕೆ ವಿದ್ಯುತ್ತು ತರುವ ತಂತಿಯದೋ? ಅದಕ್ಕೂ ಉಪಾಯವುಂಟು. ಕತ್ತಲಾದ ಮೇಲೆ ಬಾನೆಟ್ ತೆರೆದು, ಎಂಜಿನ್ ನಡೆಸಿ, ದೀಪಗಳನ್ನೆಲ್ಲ ಆರಿಸಿ ನೋಡಿದರೆ, ಬಿರುಕು ಬಿಟ್ಟ ತಂತಿಯಿಂದ ನೀಲಿ ಕಿಡಿಗಳು ಮಿಂಚುಹುಳುಗಳಂತೆ ಪಕ್ಕದ ಲೋಹಕ್ಕೆ ಹಾರುವುದು ಕಾಣುತ್ತದೆ. ಆ ಸಂಜೆ ಗ್ಯಾರೇಜಿನಲ್ಲಿ ಕಂಡದ್ದು ಅದೇ. ಇಪ್ಪತ್ತಕ್ಕೂ ಹೆಚ್ಚು ವರ್ಷದ ರಬ್ಬರು ಒಡೆದು, ಒಳಗೆ ಆಗಬೇಕಾದ ಕಿಡಿ ಹೊರಗೇ ಆಗುತ್ತಿತ್ತು. ಮೂರು ಪ್ಲಗ್ಗುಗಳು, ತಂತಿಗಳ ಒಂದು ಜೊತೆ, ಡಿಸ್ಟ್ರಿಬ್ಯೂಟರಿನ ಮುಚ್ಚಳ, ಇಷ್ಟನ್ನು ಬದಲಿಸಲಾಯಿತು. ಕಿಡಿ ಬೀಳುವ ಸಮಯವನ್ನು ಸರಿಪಡಿಸಿದ್ದೂ ಆಯಿತು. ಎಂಜಿನ್ ಬಿಚ್ಚಲು ಕೇಳಿದ ಮೊತ್ತದ ಹತ್ತನೆಯ ಒಂದು ಪಾಲೂ ಇದಕ್ಕೆ ಬೇಕಾಗಲಿಲ್ಲ.

ಇಷ್ಟಾದರೂ ಅಂಕಿ ಇಳಿಯದಿದ್ದ ಪಕ್ಷದಲ್ಲಿ ಮುಂದಿನ ಹೆಜ್ಜೆಗಳುಂಟು. ಕಾರ್ಬುರೇಟರಿನ ಕೆಳಗಿನ ಜೋಡಣೆಯಲ್ಲಿಯೋ ರಬ್ಬರ್ ಕೊಳವೆಗಳಲ್ಲಿಯೋ ಬಿರುಕಿದ್ದರೆ ಕಳ್ಳಗಾಳಿ ಒಳನುಗ್ಗಿ, ಮಿಶ್ರಣ ತೀರ ತೆಳುವಾಗಿ, ಕಿಡಿ ಬಿದ್ದರೂ ಬೆಂಕಿ ಹತ್ತದು. ವಾಲ್ವುಗಳ ಸಂದು ಕಡಮೆಯಾಗಿದ್ದರೆ ಅವು ಸರಿಯಾಗಿ ಮುಚ್ಚಿಕೊಳ್ಳವು. ಟ್ಯಾಪೆಟ್ ಸರಿಪಡಿಸುವುದು ಒಂದು ಗಂಟೆಯ ಕೆಲಸ. ಇವೆಲ್ಲ ಮುಗಿದ ಮೇಲೆ ಕಟ್ಟಕಡೆಗೆ ಸಿಲಿಂಡರುಗಳ ಒತ್ತಡ ಅಳೆಯಬೇಕು. ಒತ್ತಡ ಕಡಮೆಯಿದ್ದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ಪಿಸ್ಟನ್ ರಿಂಗುಗಳು ಸವೆದಿವೆ; ಏರದಿದ್ದರೆ ಬಹುಶಃ ವಾಲ್ವುಗಳದು ತಪ್ಪು. ಎಂಜಿನ್ ಬಿಚ್ಚುವ ಮಾತು ಸಲ್ಲುವುದು ಈ ಅಳತೆಯಾದ ಮೇಲೆ.

ತಿರುಪಿನ ಪ್ರಲೋಭನೆ

ಉಳಿದದ್ದು ಕಾರ್ಬುರೇಟರ್. ಅದರ ಪುಟ್ಟ ತೊಟ್ಟಿಯಲ್ಲಿ ತೇಲುವ ಬೆಂಡೊಂದು ಪೆಟ್ರೋಲಿನ ಮಟ್ಟವನ್ನು ಕಾಯುತ್ತದೆ, ಮನೆಯ ಮೇಲಿನ ನೀರಿನ ತೊಟ್ಟಿಯ ಬೆಂಡಿನಂತೆಯೇ. ಅದರ ಸೂಜಿ ಸವೆದರೆ ಪೆಟ್ರೋಲು ಸದಾ ತುಸು ಹೆಚ್ಚಾಗಿ ತುಂಬಿ ಕಾರ್ಬನ್ ಮಾನಾಕ್ಸೈಡು ಮೇಲೇರುತ್ತದೆ. ಮೆಕ್ಯಾನಿಕ್ ಸೂಜಿಯನ್ನು ಬದಲಿಸಿ, ರಂಧ್ರಗಳನ್ನು ತೊಳೆದ. ಆಮೇಲೆ ನಿಧಾನಗತಿಯ ಮಿಶ್ರಣವನ್ನು ನಿರ್ಧರಿಸುವ ತಿರುಪಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು, ರಾಯರ ಮುಖ ನೋಡಿ ನಕ್ಕ.

"ಎಲ್ಲಾರೂ ಇದೊಂದನ್ನೇ ಕೇಳ್ತಾರೆ ಸ್ವಾಮಿ. ಟೆಸ್ಟಿಗೆ ಮುಂಚೆ ಒಂದು ಸುತ್ತು ಒಳಕ್ಕೆ, ಟೆಸ್ಟ್ ಆದಮೇಲೆ ಒಂದು ಸುತ್ತು ಹೊರಕ್ಕೆ. ಬೇರೇನೂ ರಿಪೇರಿ ಬೇಡ ಅಂತಾರೆ."

ಈ ತಿರುಪೇ ಹಳೆಯ ಕಾರುಗಳ ಕಾಪಿ ಚೀಟಿ. ತಿರುಪನ್ನು ಒಳಕ್ಕೆ ತಿರುಗಿಸಿದರೆ ಪೆಟ್ರೋಲು ಕಡಮೆಯಾಗಿ, ನಿಂತಲ್ಲಿ ಅಳೆಯುವ ಕಾರ್ಬನ್ ಮಾನಾಕ್ಸೈಡು ತಕ್ಷಣ ಇಳಿಯುತ್ತದೆ. ಆದರೆ ಒಳಗಿನ ರೋಗ ಹಾಗೆಯೇ ಇರುತ್ತದೆ. ಕಾರು ಹೊರಡುವಾಗ ತಡವರಿಸುತ್ತದೆ, ಸಿಗ್ನಲಿನಲ್ಲಿ ಆರಿಹೋಗುತ್ತದೆ. ಎರಡು ದಿನ ಸಹಿಸಿದ ಮಾಲೀಕ ಮೂರನೆಯ ದಿನ ತಿರುಪನ್ನು ಮತ್ತೆ ಹೊರಕ್ಕೆ ತಿರುಗಿಸುತ್ತಾನೆ. ಪ್ರಮಾಣಪತ್ರ ಆರು ತಿಂಗಳು ಬಾಳುತ್ತದೆ, ಅದು ಸಾರುವ ಸತ್ಯ ಎರಡೇ ದಿನ. ಮಿಕ್ಕೆಲ್ಲ ದುರಸ್ತಿಯಾದ ಮೇಲೆ ಕೊನೆಯ ಹದಕ್ಕಾಗಿ ತಿರುಪನ್ನು ಮುಟ್ಟುವುದು ಧರ್ಮ. ದುರಸ್ತಿಗೆ ಬದಲಾಗಿ ಅದನ್ನೇ ಮುಟ್ಟುವುದು ವಂಚನೆ.

ಹೊಸ ತಲೆಮಾರಿನ ಕಾರುಗಳು

ಪಕ್ಕದ ಮನೆಯ 2006ರ ಕಾರು ನಪಾಸಾದರೆ ಇದೇ ಚಿಕಿತ್ಸೆ ಸಾಲದು. ಅದರಲ್ಲಿ ಕಾರ್ಬುರೇಟರಿಲ್ಲ. ಪೆಟ್ರೋಲನ್ನು ಸಣ್ಣ ಪಿಚಕಾರಿಗಳು ಅಳೆದು ಸಿಂಪಡಿಸುತ್ತವೆ. ಎಷ್ಟು ಸಿಂಪಡಿಸಬೇಕೆಂಬುದನ್ನು ಹೇಳುವುದು ಒಂದು ಪುಟ್ಟ ಕಂಪ್ಯೂಟರ್. ಅದಕ್ಕೆ ಹೊಗೆಯ ರುಚಿ ನೋಡಿ ವರದಿ ಮಾಡುವುದು ಕೊಳವೆಯೊಳಗಿನ ಆಕ್ಸಿಜನ್ ಸೆನ್ಸರ್. ಈ ಸೆನ್ಸರ್ ಮುಪ್ಪಾಗಿ ತಪ್ಪು ವರದಿ ಕೊಟ್ಟರೆ ಕಂಪ್ಯೂಟರ್ ಅನಾವಶ್ಯಕವಾಗಿ ಪೆಟ್ರೋಲು ಸುರಿಸುತ್ತದೆ. ಮುಂಭಾಗದ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಯೇ ಇದ್ದರೆ ಪರೀಕ್ಷೆಗೆ ಮುನ್ನವೇ ಅದರ ಸಂಕೇತವನ್ನು ಓದಿಸಬೇಕು.

ಇಂಥ ಕಾರುಗಳ ಹೊಟ್ಟೆಯಡಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿಯೂ ಇರುತ್ತದೆ. ಜೇನುಗೂಡಿನಂಥ ಅದರ ರಂಧ್ರಗಳಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ಲೇಪನವಿದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾದ ಮೇಲೆ ಅದು ಅರೆಬೆಂದ ಅನಿಲಗಳನ್ನು ಪೂರ್ತಿ ಬೇಯಿಸಿಬಿಡುತ್ತದೆ. ಸೀಸ ಬೆರೆತ ಪೆಟ್ರೋಲು ಇದಕ್ಕೆ ವಿಷ. ಆದ್ದರಿಂದಲೇ 1995ರ ಏಪ್ರಿಲಿನಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾದಾಗ ಸೀಸವಿಲ್ಲದ ಪೆಟ್ರೋಲೂ ಜೊತೆಯಲ್ಲಿಯೇ ಬಂತು. 2000ದ ಫೆಬ್ರವರಿಯಿಂದ ಅದು ದೇಶಕ್ಕೆಲ್ಲ ವ್ಯಾಪಿಸಿತು.

ಕನ್ವರ್ಟರ್ ದುಬಾರಿ. ನಪಾಸಾದೊಡನೆ ಅದನ್ನೇ ಬದಲಿಸಿ ಎನ್ನುವವರಿದ್ದಾರೆ. ಅವರನ್ನು ಒಂದು ಪ್ರಶ್ನೆ ಕೇಳಬೇಕು: ಹಳೆಯದು ಸತ್ತದ್ದೇಕೆ? ಕಿಡಿ ತಪ್ಪಿ ಹಸಿ ಪೆಟ್ರೋಲು ಅದರೊಳಗೆ ಉರಿದರೆ ಜೇನುಗೂಡೇ ಕರಗಿಹೋಗುತ್ತದೆ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಅದರ ಬೂದಿ ಲೇಪನವನ್ನು ಮುಚ್ಚುತ್ತದೆ. ಕಾರಣವನ್ನು ತೆಗೆಯದೆ ಹೊಸ ಕನ್ವರ್ಟರ್ ಹಾಕಿಸಿದವರು ಸ್ವಲ್ಪ ಕಾಲದಲ್ಲಿಯೇ ಮತ್ತೊಂದಕ್ಕೆ ಹಣ ಹೊಂದಿಸಬೇಕಾದೀತು.

ಕಣ್ಣಿಗೆ ಕಾಣುವ ಹೊಗೆಯೂ ಭಾಷೆ ಬಲ್ಲದು. ಕಪ್ಪು ಹೊಗೆ ಎಂದರೆ ಇಂಧನ ಹೆಚ್ಚು, ಗಾಳಿ ಕಡಮೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಕಾದ ಮೇಲೆಯೂ ನಿಲ್ಲದ ಬಿಳಿ ಹೊಗೆ ಎಂದರೆ ರೇಡಿಯೇಟರಿನ ನೀರು ಒಳಸೇರುತ್ತಿರಬಹುದು. ಡೀಸೆಲ್ ವಾಹನಗಳ ಪರೀಕ್ಷೆಯಂತೂ ಹೊಗೆಯ ದಟ್ಟತನದ್ದೇ. ಅಲ್ಲಿ ಮೊದಲು ನೋಡಬೇಕಾದುವು ಏರ್ ಫಿಲ್ಟರು ಮತ್ತು ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳು.

ಕಾಣದ ಹೊಗೆಯ ಮಾತು

ಇಷ್ಟೆಲ್ಲ ಏಕೆ, ಒಂದು ಚೀಟಿಗಾಗಿಯೇ? ಎಂದು ಕೇಳುವವರಿದ್ದಾರೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಜನ ಕಣ್ಣು ಉರಿಸುವ ಮಬ್ಬಿನಿಂದ ಕಂಗೆಟ್ಟಿದ್ದರು. ಕ್ಯಾಲಿಫೋರ್ನಿಯ ತಾಂತ್ರಿಕ ಸಂಸ್ಥೆಯಲ್ಲಿ ಅನಾನಸಿನ ಪರಿಮಳದ ಮೇಲೆ ಸಂಶೋಧನೆ ನಡೆಸಿದ್ದ ಹಾಲೆಂಡ್ ಮೂಲದ ರಸಾಯನಜ್ಞ ಆರಿ ಹಾಗೆನ್-ಸ್ಮಿಟ್ ಈ ಮಬ್ಬನ್ನು ಪರೀಕ್ಷೆಗೆ ಒಳಪಡಿಸಿದರು. ವಾಹನಗಳೂ ತೈಲ ಕಾರ್ಖಾನೆಗಳೂ ಉಗುಳಿದ ಹೈಡ್ರೋಕಾರ್ಬನ್ನುಗಳು ಹಾಗೂ ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಕೂಡಿಕೊಂಡು ಆ ಮಬ್ಬು ಹುಟ್ಟುತ್ತದೆಂದು ತೋರಿಸಿಕೊಟ್ಟರು. ಹೊಗೆಯ ಕೊಳವೆಗೆ ಪರೀಕ್ಷೆ ಬೇಕೆಂಬ ವಿಚಾರ ಬಲಗೊಂಡುದಕ್ಕೆ ಇಂಥ ಸಂಶೋಧನೆ ಆಧಾರವಾಯಿತು.

ಕಾರ್ಬನ್ ಮಾನಾಕ್ಸೈಡಿನ ಅಪಾಯ ಇನ್ನೂ ಹತ್ತಿರದ್ದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ ಆಕ್ಸಿಜನ್ನಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಅಪ್ಪಿಕೊಳ್ಳುತ್ತದೆ. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಕಾರನ್ನು ಚಾಲೂ ಮಾಡಿ ನಿಲ್ಲಿಸುವುದು ಪ್ರಾಣಾಂತಿಕವಾದೀತು. ಬೀದಿಯಲ್ಲಿ ಅದು ಗಾಳಿಯಲ್ಲಿ ಚದರಿಹೋಗುವುದೇನೋ ನಿಜ. ಆದರೆ ಕೊಳವೆಯ ಬಾಯಿಗೆ ಹತ್ತಿರವಿರುವವರು ಯಾರು? ದೊಡ್ಡವರ ಮೂಗು ನೆಲದಿಂದ ಐದು ಅಡಿ ಮೇಲಿದ್ದರೆ ಮಗುವಿನದು ಎರಡೋ ಮೂರೋ ಅಡಿ.

ರಾಯರ ಮನೆಯಲ್ಲಿ ಈ ಲೆಕ್ಕ ಹಾಕಿದವರು ಅಜ್ಜಿ. ದಿನವೂ ಬೆಳಗ್ಗೆ ತಾತ ಪೋರ್ಟಿಕೋದಲ್ಲಿ ಕಾರನ್ನು ಚಾಲೂ ಮಾಡಿ ನಿಲ್ಲಿಸುವರು, ಬ್ಯಾಟರಿ ಸಾಯದಿರಲೆಂದು. ಅದೇ ಹೊತ್ತಿಗೆ ಕಾರಿನ ಹಿಂದಿನ ಮೆಟ್ಟಿಲ ಮೇಲೆ ಕುಳಿತು ಮೊಮ್ಮಗಳು ಶಾಲೆಯ ಬಸ್ಸಿಗಾಗಿ ಬೂಟು ಕಟ್ಟಿಕೊಳ್ಳುವಳು. "ರೀ, ಆ ಚೀಟಿಯಲ್ಲಿ ಬರೆದಿರೋ ಹೊಗೆ ಇಷ್ಟು ದಿನ ಕುಡಿದದ್ದು ಈ ಮಗು ಅಲ್ಲವೇನ್ರೀ?" ಎಂದು ಆಕೆ ಕೇಳಿದಾಗ ರಾಯರು ತಲೆ ತಗ್ಗಿಸಿದರು. ಅಡ್ಡದಾರಿಯಲ್ಲಿ ಕೊಂಡ ಪ್ರಮಾಣಪತ್ರ ಪೋಲೀಸರಿಗೆ ಉತ್ತರ ಕೊಡಬಲ್ಲದು. ಈ ಪ್ರಶ್ನೆಗೆ ಕೊಡಲಾರದು.

ಹಾಗೆಂದು ಪ್ರತಿಯೊಂದು ಹಳೆಯ ಕಾರನ್ನೂ ಉಳಿಸಿಕೊಳ್ಳಬೇಕೆಂದಲ್ಲ. ಎಲ್ಲ ಹೆಜ್ಜೆಗಳನ್ನೂ ದಾಟಿದ ಮೇಲೆ ರಿಂಗುಗಳು ಸವೆದಿವೆ, ನೀಲಿ ಹೊಗೆ ನಿಲ್ಲುವುದಿಲ್ಲ, ದುರಸ್ತಿಯ ವೆಚ್ಚ ಕಾರಿನ ಬೆಲೆಯನ್ನೇ ಮೀರುತ್ತದೆ ಎಂದು ಖಚಿತವಾದರೆ ಅದಕ್ಕೆ ಗೌರವದ ವಿದಾಯ ಹೇಳುವುದೇ ಸರಿ. ಆದರೆ ಆ ತೀರ್ಮಾನ ಅಳತೆಯ ಮೇಲೆ ನಿಲ್ಲಬೇಕು.

ಮೂರನೆಯ ಸಲ ಹೋಗುವಾಗ ರಾಯರು ಮೊಮ್ಮಗಳನ್ನೂ ಕರೆದೊಯ್ದರು. ಮೊದಲು ಮೈಸೂರು ರಸ್ತೆಯಲ್ಲಿ ಒಂದು ದೀರ್ಘ ಸುತ್ತು. ಆಮೇಲೆ ನೇರವಾಗಿ ಬಂಕಿಗೆ. ನಳಿಗೆ ಕೊಳವೆಗಿಳಿಯಿತು. ಯಂತ್ರದ ಪರದೆಯ ಮೇಲೆ ಅಂಕಿಗಳು ಏರಿಳಿದು ನಿಂತವು. ಹುಡುಗಿ ಚೀಟಿಯನ್ನು ಕಸಿದುಕೊಂಡು ಓದಿದಳು: "ಕಾರ್ಬನ್ ಮಾನಾಕ್ಸೈಡು 1.7. ಹೈಡ್ರೋಕಾರ್ಬನ್ 480. ತಾತಾ, ಪಾಸು!"

ಪಕ್ಕದಲ್ಲಿ ಅಂದಿನ ಆ ಪಿಸುಮಾತಿನವನೂ ನಿಂತಿದ್ದ. ಈ ಸಲ ಅವನು ಮಾತಾಡಲಿಲ್ಲ. ರಾಯರು ಚೀಟಿಯನ್ನು ಮಡಿಸಿ ಕಾರಿನ ಪೆಟ್ಟಿಗೆಯಲ್ಲಿ ಇಟ್ಟರು. ಮರುದಿನ ಬೆಳಗಿನಿಂದ ಕಾರು ಪೋರ್ಟಿಕೋದಲ್ಲಿ ಸುಮ್ಮನೆ ನಿಂತು ಹೊಗೆಯುಗುಳುವುದು ತಪ್ಪಿತು. ಮೊಮ್ಮಗಳ ಬಸ್ಸು ಹೋದ ಮೇಲೆಯೇ ಅದರ ಸವಾರಿ.